ಕೇಳಲು ನಾಚಿದ ಅಡುಗೆಯವನ ಕಾರು

ಒಂದೂರಲ್ಲಿ ಒಬ್ಬ ಅಡುಗೆಯವನಿದ್ದ. ಹಣದಲ್ಲಿ ಶ್ರೀಮಂತನಲ್ಲ, ಕೈರುಚಿಯಲ್ಲಿ ಮಾತ್ರ ಅವನಂಥ ಶ್ರೀಮಂತ ಗದಗ ಸೀಮೆಯಲ್ಲೇ ಇರಲಿಲ್ಲ. ಹೆಸರು ಬಸಲಿಂಗಪ್ಪ, ಹೆಂಡತಿ ನೀಲಗಂಗವ್ವ. ಸುತ್ತ ಎಲ್ಲಿ ಮದುವೆಯಾದರೂ ಇವರಿಬ್ಬರದೇ ಅಡುಗೆ. ಪಾತ್ರೆ, ಸೌಟು, ಒಲೆ ಎಲ್ಲವನ್ನೂ ಹೊರುವುದು ಒಂದು ಹಳೆಯ ಕಾರು. ನೋಡಿ, ಆ ಕಾರು ನಿಂತರೆ ಅವರ ಬದುಕೇ ನಿಂತಂತೆ.

ಒಂದು ದಿನ ರಸ್ತೆಯ ಉಬ್ಬು ಬಂತೆಂದು ಬಸಲಿಂಗಪ್ಪ ವೇಗ ತಗ್ಗಿಸಿದ. ಹಿಂದೆ ಬರುತ್ತಿದ್ದ ಇಟ್ಟಿಗೆಯ ಟ್ರ್ಯಾಕ್ಟರು ತಗ್ಗಿಸಲಿಲ್ಲ. ನೀಲಗಂಗವ್ವನ ಬಳೆ ಒಡೆದವು, ಕಾರಿನ ಹಿಂಬದಿ ನುಜ್ಜುಗುಜ್ಜಾಯಿತು. ಶಿವನ ದಯೆ, ಜೀವಕ್ಕೆ ಏನೂ ಆಗಲಿಲ್ಲ.

ಕಾರಿಗೆ ವಿಮೆ ಇತ್ತು. ಹಾನಿ ಅಳೆಯುವ ಸರ್ವೇಯರ್ ಗ್ಯಾರೇಜಿಗೆ ಬಂದ. ಹಿಂದಿನ ಬಾಗಿಲು, ಬಂಪರು, ಇಷ್ಟನ್ನೇ ಬರೆದುಕೊಂಡು ಹೋದ. ಕಾರನ್ನು ಮೇಲೆತ್ತಿದಾಗ ಮೆಕ್ಯಾನಿಕ್ ಫಕೀರಪ್ಪನಿಗೆ ಕಂಡದ್ದು ಬೇರೆ. ಅಡಿಯ ಚೌಕಟ್ಟೇ ಬಾಗಿತ್ತು. ದೊಡ್ಡ ಖರ್ಚು ಇದ್ದದ್ದೇ ಅಲ್ಲಿ.

"ಕಾಕಾ, ಮುಂದಿನ ದೀಪಾನೂ ಇದರಾಗ ಒಡದೈತಿ ಅಂತ ಬರಸೂಣು. ಅವರು ಕಡಿಮಿ ಮಾಡ್ತಾರ, ನಾವು ಜಾಸ್ತಿ ಮಾಡೂಣು" ಎಂದ ಫಕೀರಪ್ಪ.

"ಆ ದೀಪ ಹ್ವಾದ ವರ್ಷ ನಾನ ಗೇಟಿಗೆ ಗುದ್ದಿ ಒಡದದ್ದು. ಸುಳ್ಳು ಬ್ಯಾಡ ತಮ್ಮಾ" ಎಂದ ಬಸಲಿಂಗಪ್ಪ.

ಒಳ್ಳೆಯ ಮಾತು. ಆದರೆ ಮನೆಗೆ ಬಂದವನು ಹೆಂಡತಿಗೆ ಏನು ಹೇಳಿದ ಗೊತ್ತೇ? "ಅವರು ಕೊಟ್ಟಷ್ಟು ಇಸಗೊಂಡು ಸಹಿ ಮಾಡ್ತೀನಿ. ದೊಡ್ಡವರ ಕೂಡ ನಮಗ್ಯಾಕ ವಾದ?"

ನೀಲಗಂಗವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಸುಳ್ಳು ಹೇಳಲಿಲ್ಲ, ಚಲೋ ಮಾಡಿದ್ರಿ. ಖರೇ ಹೇಳಾಕ ಯಾಕ ಅಂಜತೀರಿ? ವರ್ಷಾ ವರ್ಷಾ ತಪ್ಪದ ಕಂತು ಕಟ್ಟೀವಿ. ಭಿಕ್ಷಾ ಬೇಡಾಕ ಹೊಂಟೀರೇನು?"

ಬಸಲಿಂಗಪ್ಪ ಸಹಿ ಹಾಕಲಿಲ್ಲ. ಬಾಗಿದ ಭಾಗದ ಫೋಟೊ ತೆಗೆಸಿದ, ಫಕೀರಪ್ಪನಿಂದ ಖರ್ಚಿನ ಅಂದಾಜು ಬರೆಸಿದ, ಇನ್ನೊಮ್ಮೆ ನೋಡಿ ಎಂದು ಅರ್ಜಿ ಕೊಟ್ಟ. ಕಚೇರಿಯವರು ನಾಳೆ ಬಾ ಎಂದರು. ಹೋದ. ಸೋಮವಾರ ಬಾ ಎಂದರು. ಹೋದ. ಒಮ್ಮೆಯೂ ದನಿ ಏರಿಸಲಿಲ್ಲ, ಒಮ್ಮೆಯೂ ಹೋಗುವುದನ್ನು ಬಿಡಲಿಲ್ಲ.

ಕೊನೆಗೆ ಸರ್ವೇಯರ್ ಮತ್ತೆ ಗ್ಯಾರೇಜಿಗೆ ಬಂದ, ಮುಖ ಗಂಟಿಕ್ಕಿಕೊಂಡೇ. ನೀಲಗಂಗವ್ವ ನೆಲಕ್ಕೆ ಗೋಣಿಚೀಲ ಹಾಸಿದಳು. ಆತ ಮಲಗಿ ಕಾರಿನ ಕೆಳಗೆ ಸರಿದ. ಬಾಗಿದ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿದ. ಹೊರಬಂದು ಅಂಗಿ ಕೊಡವಿಕೊಳ್ಳುತ್ತ, "ಅವತ್ತು ನಾನು ನಿಂತ ನೋಡಿದ್ನಿ. ತಪ್ಪಾತು ಯಜಮಾನ್ರ" ಎಂದ.

ಆಕೆ ನೀರಿನ ತಂಬಿಗೆ ಕೊಟ್ಟಳು. "ಉಣ್ಣಾಕ ಹಾಕಬೇಕಂತ ಭಾಳ ಆಸೆ ಐತ್ರಿ ಸಾಹೇಬ್ರ. ಆದ್ರ ಈಗ ಹಾಕಿದ್ರ ಲಂಚ ಆಕೈತಿ." ಆತ ನಕ್ಕುಬಿಟ್ಟ. ಚೌಕಟ್ಟಿನ ಖರ್ಚೂ ಮಂಜೂರಾಯಿತು. ಹಳೆಯ ಭಾಗಗಳಿಗೆ ನಿಯಮದಂತೆ ಒಂದಿಷ್ಟು ಕಡಿತವಾಯಿತು. ಅದನ್ನು ಬಸಲಿಂಗಪ್ಪ ಮರುಮಾತಿಲ್ಲದೆ ಒಪ್ಪಿದ.

ಈಗ ನನ್ನ ತಾಯಂದಿರೇ, ಅಣ್ಣಂದಿರೇ, ನಿಮ್ಮನ್ನು ಕೇಳುತ್ತೇನೆ. ನೀವು ಯಾರ ಹಾಗೆ? ಸಿಕ್ಕದ್ದರಲ್ಲಿ ಒಂದಿಷ್ಟು ಸುಳ್ಳು ಸೇರಿಸುವವರೇ? ಅಥವಾ ನ್ಯಾಯವಾದದ್ದನ್ನೂ ಕೇಳದೆ, ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಸಿಟ್ಟು ತೀರಿಸಿಕೊಳ್ಳುವವರೇ? ಸುಮ್ಮನಿರುವುದೆಲ್ಲ ಶಾಂತಿಯಲ್ಲ, ಶಾಂತಿ ಎಂಬುದು ಅದಕ್ಕೆ ನಾವು ಇಟ್ಟ ಒಳ್ಳೆಯ ಹೆಸರು ಅಷ್ಟೇ. ಎಷ್ಟೋ ಸಲ ಅದು ಅಂಜಿಕೆ.

ನಾಳೆ ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮೆತ್ತಗೆ ಹೇಳಿ. ಆಗಲಿಲ್ಲವೇ, ಬರೆದು ಕೊಡಿ, ಮತ್ತೆ ಹೋಗಿ. ಇನ್ನು ನಿಮ್ಮಲ್ಲಿ ಕಿಟಕಿಯ ಆಚೆ ಕೂತು ಕೆಲಸ ಮಾಡುವವರೂ ಇದ್ದೀರಿ, ನನಗೆ ಮುಖ ಕಾಣುತ್ತಿವೆ. ನಿಮಗೆ ಒಂದೇ ಮಾತು: ಬಡವನೊಬ್ಬ ಎರಡನೇ ಸಲ ಬಂದು ನಿಂತರೆ ಬೈಯಬೇಡಿ. ಎದ್ದು ಹೋಗಿ, ಬಗ್ಗಿ ನೋಡಿ.