ಉಗಾಯಿ ಉಳಿಸಿಕೊಂಡ ಹದಿನಾಲ್ಕು ನಿಮಿಷ

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಶೋಗಿ ಸಂಘದ ಹಿರಿಯರೂ ಆದ ಶಿರೊಇವ ಅವರೇ, ಸಕಾತ ಪಟ್ಟಣದ ಉಪಮೇಯರ್ ಅವರೇ, ಅಭಿಮಾನಿ ಬಳಗದ ಕಾರ್ಯದರ್ಶಿಗಳಾದ ದಂತವೈದ್ಯ ಕೊಗುರೆ ಅವರೇ, ಮುಂದಿನ ಸಾಲಿನಲ್ಲಿ ಕರವಸ್ತ್ರವನ್ನು ಈಗಲೇ ಕೈಯಲ್ಲಿ ಹಿಡಿದು ಕೂತಿರುವ ಶ್ರೀಮತಿ ಮಿತ್ಸುಯೆ ಉಗಾಯಿ ಅವರೇ, ಎದೆಗೆ ಇಷ್ಟು ದೊಡ್ಡ ಕಾಗದದ ಹೂವು ಚುಚ್ಚಿಸಿಕೊಂಡು ಇಂದು ನಿವೃತ್ತರಾಗುತ್ತಿರುವ, ಎಲ್ಲಕ್ಕಿಂತ ಮೇಲಿನದಾದ ಒಂಬತ್ತನೇ ದರ್ಜೆಯ ಆಟಗಾರ ಉಗಾಯಿ ಹೇಸಾಕು ಅವರೇ, ಮತ್ತು ಸಭಿಕರೇ,

ನಾನು ಹಿರುಮಾ ಸೋಕಿಚಿ. ಒಂಬತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟವನು. ಭಾಷಣ ಬರೆಯಲು ಬರುವುದಿಲ್ಲ. ಆದ್ದರಿಂದ ಹೊಕ್ಕೈದೊದಲ್ಲಿರುವ ನನ್ನ ತಂಗಿಗೆ ಪತ್ರ ಬರೆಯುವ ಹಾಗೆ ಇದನ್ನು ಬರೆದುಕೊಂಡು ಬಂದಿದ್ದೇನೆ. ನಡುವೆ ಎಲ್ಲಾದರೂ 'ಮೊಣಕಾಲಿಗೆ ಎಣ್ಣೆ ಹಚ್ಚಿಕೋ' ಎಂದು ಬಂದರೆ ಅದು ನಿಮಗಲ್ಲ, ಅವಳಿಗೆ ಎಂದು ತಿಳಿಯಿರಿ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಸಂತೋಷ. ಆದರೆ ಮೊದಲು ಒಂದು ಸಿಟ್ಟನ್ನು ಹೊರಗೆ ಹಾಕದೆ ನನ್ನಿಂದ ಮಾತು ಮುಂದಕ್ಕೆ ಹೋಗುವುದಿಲ್ಲ. ನಿಮ್ಮೆಲ್ಲರ ಕುರ್ಚಿಯ ಮೇಲೆ ಒಂದು ಕರಪತ್ರ ಇಟ್ಟಿದ್ದಾರಲ್ಲ, ಅದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಶೋಗಿ ಮಣೆಯ ಚಿತ್ರ. ಅದರ ಕೆಳಗೆ 'ತಪ್ಪಿಹೋದ ಗೆಲುವು' ಎಂಬ ತಲೆಬರಹ. ಸ್ವಾಮಿ, ಈ ಮನುಷ್ಯ ನಲವತ್ತಾರು ವರ್ಷ ವೃತ್ತಿಪರನಾಗಿ ಆಡಿದ್ದಾನೆ. ಎಂಟುನೂರ ಹನ್ನೆರಡು ಆಟ ಗೆದ್ದಿದ್ದಾನೆ. ಬೀಳ್ಕೊಡುಗೆಗೆ ಕರೆದು ಹೂ ಚುಚ್ಚಿ, ಅಚ್ಚು ಹಾಕಿಸುವುದಕ್ಕೆ ನಿಮಗೆ ಸಿಕ್ಕಿದ್ದು ಅವನು ಗೆಲ್ಲದ ಒಂದೇ ಒಂದು ಆಟವೇ? ಮದುವೆ ಮನೆಯಲ್ಲಿ ಮದುಮಗನ ಹಳೆಯ ಎಕ್ಸ್‌ರೇ ಹಂಚುತ್ತಾರೆಯೇ? ದಂತವೈದ್ಯರು ನಗುತ್ತಿದ್ದಾರೆ. ಅವರು ಹಂಚಿದರೂ ಹಂಚಬಹುದು.

ನನಗಿಂತ ಮುಂಚೆ ಮೂವರು ಮಾತಾಡಿದರು. ಮೂವರೂ ಅದನ್ನೇ ಎತ್ತಿದರು. ಕೊಗುರೆ ಅವರಂತೂ ಆ ಸ್ಥಿತಿಯನ್ನು ಕಂಪ್ಯೂಟರಿಗೆ ಕೊಟ್ಟರಂತೆ, ಅರ್ಧ ಸೆಕೆಂಡಿನಲ್ಲಿ ಗೆಲುವು ತೋರಿಸಿತಂತೆ. ತೋರಿಸದೆ ಏನು ಮಾಡುತ್ತದೆ? ಅದಕ್ಕೆ ಎದುರಿಗೆ ಯಾರು ಕೂತಿದ್ದಾರೆ ಎಂಬ ಪರಿವೆ ಇಲ್ಲ. ಉಗಾಯಿಗೆ ಇತ್ತು. ಅದೇ ಅವನ ಕರ್ಮ.

ಎದುರಿಗೆ ಕೂತಿದ್ದವನು ನಾನು. ಅದೂ ನಿಮ್ಮಲ್ಲಿ ಅರ್ಧ ಜನಕ್ಕೆ ನೆನಪಿಲ್ಲ. ಶೋಗಿಯ ದೊಡ್ಡ ಪದವಿಗಳಲ್ಲೊಂದಾದ ಸೇಗೆನ್ ಪದವಿಯನ್ನು ಮೂರು ಸಲ ಗೆದ್ದವನು ನಾನು, ಸಭಿಕರೇ. ಕಳೆದ ತಿಂಗಳು ಟ್ಯಾಕ್ಸಿ ಹತ್ತಿದರೆ ಚಾಲಕ ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿ ನೋಡಿದ. "ಸಾರ್, ನಿಮ್ಮನ್ನ ಎಲ್ಲೋ ನೋಡಿದೀನಿ. ಉಗಾಯಿ ಅವತ್ತು ಗೆಲುವು ಕೈಬಿಟ್ರಲ್ಲ, ಅವರ ಎದುರುಗಡೆ ಕೂತಿದ್ದೋರು ನೀವೇ ಅಲ್ವಾ?" ಹೌದಪ್ಪ, ನಾನೇ. ಅಲ್ಲಿ ಒಂದು ಹೂಕುಂಡವೂ ಇತ್ತು, ಅದರ ಪಕ್ಕ ನಾನಿದ್ದೆ. ಮೂವತ್ತೆರಡು ವರ್ಷದಿಂದ ಜನ ಉಗಾಯಿಯನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ, ನನ್ನನ್ನು ನೋಡಿ ಅದೃಷ್ಟವಂತ ಅನ್ನುತ್ತಾರೆ. ಎರಡೂ ತಪ್ಪು. ಎರಡನ್ನೂ ಕೇಳಿ ಕೇಳಿ ನನಗೆ ಸಾಕಾಗಿದೆ.

ಉಪಮೇಯರ್ ಸಾಹೇಬರು ತಮಗೆ ಶೋಗಿ ಬರುವುದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಅವರಿಗಾಗಿ ಎರಡು ಮಾತು. ಇದು ಚದುರಂಗದ ದಾಯಾದಿ. ಇಲ್ಲೂ ರಾಜನನ್ನು ಸಿಕ್ಕಿಸಿದವನು ಗೆದ್ದ. ಆದರೆ ತಿಂದ ಕಾಯಿ ಸಾಯುವುದಿಲ್ಲ. ಅದು ತಿಂದವನ ಕೈ ಸೇರುತ್ತದೆ. ಬೇಕಾದಾಗ ಬೇಕಾದ ಮನೆಯಲ್ಲಿ ಅದನ್ನು ಇಟ್ಟು ತನ್ನದಾಗಿ ಆಡಬಹುದು. ಇನ್ನೊಂದು ಸಂಗತಿ. ನಮ್ಮಲ್ಲಿ ರಾಜ ಸಿಕ್ಕಿಬೀಳುವ ತನಕ ಯಾರೂ ಕಾಯುವುದಿಲ್ಲ. ಸೋತೆ ಎಂದು ಗೊತ್ತಾದವನು ತಲೆ ಬಾಗಿ ಬಾಯಿಬಿಟ್ಟು ಹೇಳಬೇಕು, ಸೋತೆ ಎಂದು. ಎದುರಿನವನೂ ತಲೆ ಬಾಗುತ್ತಾನೆ. ಅಲ್ಲಿಗೆ ಆಟ ಮುಗಿಯಿತು.

ಉಗಾಯಿಯೂ ನಾನೂ ಒಂದೇ ಗುರುಗಳ ಮನೆಯಲ್ಲಿ ಬೆಳೆದವರು. ಮಕಾಬೆ ಗುರುಗಳು. ನಾನು ಮೀನು ಬಂದರಿನ ಕ್ಷೌರದಂಗಡಿಯಲ್ಲಿ ಕಾದು ಕೂತವರ ಆಟ ನೋಡಿ ನೋಡಿ ಕಲಿತವನು. ಆಡುವ ರೀತಿಯೂ ಹಾಗೇ ಇತ್ತು, ಕತ್ತರಿ ಸಿಕ್ಕ ಕಡೆ ಕತ್ತರಿಸುವುದು. ಉಗಾಯಿ ಬೇರೆ ಜಾತಿಯ ಪ್ರಾಣಿ. ಊಟಕ್ಕೆ ಕೂತರೆ ಒಂದು ಉಪ್ಪಿನ ಮೂಲಂಗಿ ತುಂಡನ್ನು ಇಪ್ಪತ್ತು ಸಲ ಅಗಿಯುತ್ತಿದ್ದ. "ಲೇ, ಅದು ಸತ್ತು ಆಯ್ತು, ನುಂಗು" ಎಂದರೆ ತಲೆ ಎತ್ತದೆ "ಇನ್ನೂ ಸ್ವಲ್ಪ ಇದೆ" ಅನ್ನುತ್ತಿದ್ದ. ಮಿತ್ಸುಯೆ ಅವರು ತಲೆಯಾಡಿಸುತ್ತಿದ್ದಾರೆ. ಈಗಲೂ ಹಾಗೇ ಅಂತ ಕಾಣುತ್ತದೆ.

ಗುರುಗಳು ಗೆಲ್ಲುವುದನ್ನು ನಮಗೆ ಹೆಚ್ಚಾಗಿ ಕಲಿಸಲಿಲ್ಲ. ಸೋಲುವುದನ್ನು ಕಲಿಸಿದರು. ಒಮ್ಮೆ ನಾನು ಸೋತ ಆಟವನ್ನು ಕೆಸರಿನಲ್ಲಿ ಎಳೆದ ಹಾಗೆ ಎಳೆಯುತ್ತಿದ್ದಾಗ ಹಿಂದಿನಿಂದ ಬಂದು ಬೀಸಣಿಗೆಯಿಂದ ತಲೆಗೆ ತಟ್ಟಿದರು. "ಲೋ ಸೋಕಿಚಿ, ಸೋಲಿಗೂ ಮುಖ ತೊಳೆಸಿ ಕಳಿಸೋ. ಮೂಗು ಸುರಿಸ್ಕೊಂಡಿರೋದನ್ನ ಬೀದಿಗೆ ಬಿಡಬೇಡ." ವೃತ್ತಿಯವರಿಗೆ ಇದು ಗೊತ್ತು, ಇದಕ್ಕೆ ನಾವು ಆಕಾರ ಕೊಡುವುದು ಅನ್ನುತ್ತೇವೆ. ಸೋಲು ಖಚಿತವಾದಾಗ ಕೊನೆಗೊಂದು ಚೆಂದದ ದಾಳಿ ಮಾಡಿ, ಇನ್ನೊಂದೇ ಹೆಜ್ಜೆ ಸಿಕ್ಕಿದ್ದರೆ ನಾನೂ ಗೆಲ್ಲುತ್ತಿದ್ದೆ ಎನ್ನುವ ಹಾಗೆ ಮಣೆಯನ್ನು ನಿಲ್ಲಿಸಿ, ನಮ್ಮ ರಾಜನ ಬಾಗಿಲನ್ನು ತೆರೆದಿಡುತ್ತೇವೆ. ಎದುರಿನವನು ಒಳಗೆ ಬಂದು ಅಂದವಾಗಿ ಮುಗಿಸುತ್ತಾನೆ. ಇಬ್ಬರಿಗೂ ಮರ್ಯಾದೆ. ಗುರುಗಳು ಇದಕ್ಕೆ ಇನ್ನೊಂದನ್ನು ಸೇರಿಸಿದ್ದರು. ಸೋತೆ ಅನ್ನುವ ಮುಂಚೆ ಒಂದು ಗುಟುಕು ಟೀ ಕುಡಿಯಬೇಕು, ಗಂಟಲು ಕಟ್ಟಿಕೊಂಡು ಗೊಣಗಬಾರದು. ಆ ಮನೆಯಿಂದ ಹೊರಬಿದ್ದ ನಂತರ ನಾನು ಆಟದ ನಡುವೆ ಟೀ ಬಟ್ಟಲನ್ನು ಮುಟ್ಟಿದವನಲ್ಲ. ಮುಟ್ಟಿದರೆ ಸೋಲುವಾಗ ಮಾತ್ರ.

ಈಗ ಆ ಆಟಕ್ಕೆ ಬರುತ್ತೇನೆ. ಕಾರ್ಯದರ್ಶಿಗಳು ಕೈಗಡಿಯಾರ ತೋರಿಸುತ್ತಿದ್ದಾರೆ. ಇಟ್ಟುಕೊಳ್ಳಿ ಸ್ವಾಮಿ, ನಿಮ್ಮ ಚಿಕಿತ್ಸೆಯ ಕುರ್ಚಿಯಲ್ಲಿ ನಾನು ಎಷ್ಟೋ ಹೊತ್ತು ಬಾಯಿ ತೆರೆದು ಸುಮ್ಮನೆ ಕೂತಿಲ್ಲವೇ?

ಸೇಗೆನ್ ಪದವಿ ಆಗ ನನ್ನ ಹತ್ತಿರ ಇತ್ತು. ಉಗಾಯಿ ಸವಾಲು ಹಾಕಿ ಬಂದಿದ್ದ. ಏಳು ಆಟಗಳಲ್ಲಿ ಮೂರು ಮೂರು ಸಮವಾಗಿ, ಬಿಸಿನೀರಿನ ಬುಗ್ಗೆಯ ವಸತಿಗೃಹದಲ್ಲಿ ಎರಡು ದಿನದ ಏಳನೆಯ ಆಟ. ಎರಡನೆಯ ದಿನ ಮಧ್ಯಾಹ್ನ ನಾನು ಸೋಬಾ ಶಾವಿಗೆ ತಿಂದೆ, ಅವನು ಹಾವುಮೀನು ಹಾಕಿದ ಅನ್ನ ತಿಂದ, ಅದೂ ಎಂದಿನ ಹಾಗೆ ಅಗಿದು ಅಗಿದು. ಮೂರೂವರೆಯ ಹೊತ್ತಿಗೆ ನನ್ನ ಆಟ ಮುಗಿದಿತ್ತು. ಎಲ್ಲ ದಾರಿ ಹುಡುಕಿದೆ. ಯಾವುದೂ ಇರಲಿಲ್ಲ.

ಆಗ ನಾನು ಆಕಾರ ಕೊಟ್ಟೆ.

ಈ ಮಾತನ್ನು ಇಂದಿನವರೆಗೆ ನಾನು ಯಾರ ಮುಂದೆಯೂ ಹೇಳಿಲ್ಲ. ಈ ಹಾಳೆಯಲ್ಲಿ ಬರೆದುಕೊಂಡೂ ಬಂದಿರಲಿಲ್ಲ. ಕರಪತ್ರ ನೋಡಿದ ಮೇಲೆ ಬಾಯಿಗೆ ಬಂತು, ಇರಲಿ.

ಅವನ ರಾಜನ ಮಗ್ಗುಲಿಗೆ ಬೆಳ್ಳಿ ಸೇನಾನಿ ಎಂಬ ನನ್ನ ಕಾಯಿಯನ್ನು ಇಟ್ಟು, ಮುಂದಿನ ಸರದಿಯಲ್ಲಿ ಕೊಲ್ಲುತ್ತೇನೆ ಎಂದು ಬೆದರಿಸಿದೆ. ನನ್ನ ರಾಜನ ಬಾಗಿಲು ಪೂರ್ತಿ ತೆರೆದಿತ್ತು. ಅವನು ತನ್ನ ರಥವನ್ನು ಬಲಿ ಕೊಟ್ಟು ಶುರುಮಾಡಿದರೆ ಹನ್ನೊಂದು ನಡೆಗೆ ನಾನು ಸತ್ತೆ. ಕೊನೆಯ ಏಟಿಗೆ ಒಂದು ಚಿನ್ನದ ಸೇನಾನಿ ಬೇಕು, ಅದು ಅವನ ಕೈಯಲ್ಲೇ ಇತ್ತು. ನಾನೇ ಕೊಟ್ಟಿದ್ದೆ. ನಾನು ಉಟ್ಟಿದ್ದ ಹಕಾಮದ ನೆರಿಗೆ ಸರಿಮಾಡಿಕೊಂಡೆ. ಬಟ್ಟಲನ್ನೆತ್ತಿ ಟೀ ಕುಡಿದೆ, ಪೂರ್ತಿ. ಕೈಗಳನ್ನು ತೊಡೆಯ ಮೇಲಿಟ್ಟು ಕಾದೆ. ಅವನು ರಥವನ್ನು ಎತ್ತಿದ ಕೂಡಲೇ ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು.

ಈ ಮಹಾರಾಯನಿಗೆ ಯೋಚಿಸಲು ಗಡಿಯಾರದಲ್ಲಿ ಇನ್ನೂ ಹದಿನೇಳು ನಿಮಿಷ ಉಳಿದಿತ್ತು. ಮೂಲಂಗಿ ತುಂಡಿಗೆ ಇಪ್ಪತ್ತು ಸಲ ಹಲ್ಲಾಡಿಸುವವನು ತನ್ನ ಜೀವಮಾನದ ಆಟಕ್ಕೆ ಎಷ್ಟು ಹೊತ್ತು ತೆಗೆದುಕೊಂಡ ಗೊತ್ತೇ? ಮೂರು ನಿಮಿಷ. ತಲೆ ಎತ್ತಲಿಲ್ಲ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಖಾಲಿ ಬಟ್ಟಲು ಕಾಣುತ್ತಿತ್ತು. ಕೈಯಲ್ಲಿದ್ದ ಆ ಚಿನ್ನವನ್ನು ತೆಗೆದು, ನನ್ನನ್ನು ಕೊಲ್ಲಬೇಕಾಗಿದ್ದ ಆ ಚಿನ್ನವನ್ನು ತೆಗೆದು, ತನ್ನ ರಾಜನ ಪಕ್ಕಕ್ಕೆ ಕಾವಲಿಗೆ ಇಟ್ಟುಬಿಟ್ಟ.

ನಾನು ಏನು ಮಾಡಬೇಕಿತ್ತು ಹೇಳಿ. ಸೋತೆ ಎಂದು ಹೇಳಲು ಬಾಯಿ ತೆರೆದವನು ನಾನು. ಹೇಳಿಬಿಡಬಹುದಿತ್ತು. ಆದರೆ ಕಣ್ಣು ತಾನಾಗಿ ಮಣೆಯ ಮೇಲೆ ಹೋಯಿತು. ಈಗ ಗೆಲ್ಲುತ್ತಿರುವವನು ನಾನು. ಕೈ ಹೋಯಿತು, ಸಭಿಕರೇ. ನಾನು ಕಳಿಸಲಿಲ್ಲ, ಹೋಯಿತು ಎಂದರೆ ಸುಳ್ಳಾಗುತ್ತದೆ. ನಾನೇ ಕಳಿಸಿದೆ. ನಾಲ್ಕೂಕಾಲಿಗೆ ಉಗಾಯಿ ತಲೆ ಬಾಗಿ ಸೋತೆ ಎಂದ. ಬಹಳ ಸ್ಪಷ್ಟವಾಗಿ.

ಪತ್ರಿಕೆಯವರು ನುಗ್ಗಿದರು. ಪಕ್ಕದ ಕೋಣೆಯಲ್ಲಿ ಆಟವನ್ನು ವಿಶ್ಲೇಷಿಸುತ್ತಿದ್ದವರಿಗೆ ಆ ಹನ್ನೊಂದು ನಡೆ ಅಷ್ಟರಲ್ಲೇ ಸಿಕ್ಕಿತ್ತು. ಮಣೆಯ ಮೇಲೆ ಜೋಡಿಸಿ ತೋರಿಸಿದರು. ಉಗಾಯಿಯ ಕಿವಿ ಕೆಂಪು ಮೂಲಂಗಿಯ ಸಿಪ್ಪೆಯ ಹಾಗಾಯಿತು. ಯಾಕೆ ನೋಡಲಿಲ್ಲ ಎಂದು ಕೇಳಿದರು. ಅವನು ಹೇಳಿದ್ದು ಒಂದೇ ಮಾತು: "ಹಿರುಮಾ ಬಾಗಿಲು ತೆಗೆದಿಟ್ಟಿದಾನೆ ಅಂದ್ರೆ ಒಳಗಡೆ ದಾರಿ ಇರಲ್ಲ ಅಂದ್ಕೊಂಡೆ. ಅವನು ಅಂಥ ತಪ್ಪು ಮಾಡೋನಲ್ಲ."

ಆ ಮಾತಿಗೆ ಅಂದು ನಕ್ಕರು. ಇಂದಿನವರೆಗೂ ನಗುತ್ತಿದ್ದೀರಿ. ಇದು ಕುಂಟು ನೆಪ, ಎದುರಾಳಿಯ ಹೆಸರಿಗೆ ಹೆದರಿದ ಪುಕ್ಕಲ ಎಂದಿರಿ. ಅದಾದ ಮೇಲೆ ನಾಲ್ಕು ಸಲ ಅವನು ಸವಾಲಿನ ಹೊಸ್ತಿಲ ತನಕ ಬಂದ. ನಾಲ್ಕು ಸಲವೂ, ಸುಲಭದ ಗೆಲುವು ಎದುರಿಗಿದ್ದಾಗ ಗಂಟೆಗಟ್ಟಲೆ ಹುಡುಕಾಡುತ್ತ ಸಮಯ ಕಳೆದು ಸೋತ. ಮೂರು ನಿಮಿಷಕ್ಕೆ ನಂಬಿದವನು ಆಮೇಲೆ ಯಾರನ್ನೂ ನಂಬದಾದ. ಅದಕ್ಕೆ ಯಾರು ಹೊಣೆ?

ಆ ಸಂಜೆ ನನ್ನನ್ನೂ ಕೇಳಿದರು. "ಹಿರುಮಾ ಅವರೇ, ನಿಮಗೆ ಆ ಹನ್ನೊಂದು ನಡೆ ಕಂಡಿತ್ತಾ?"

ನಾನು "ಇಲ್ಲ, ನನಗೂ ಕಾಣಿಸಲಿಲ್ಲ" ಎಂದೆ.

ಅವನ ಮರ್ಯಾದೆ ಉಳಿಸುವುದಕ್ಕೆ ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಇಬ್ಬರಿಗೂ ಕಾಣದಿದ್ದರೆ ಒಬ್ಬನ ನಾಚಿಕೆ ಅರ್ಧವಾಗುತ್ತದಲ್ಲ ಎಂದು. ಎಂಥ ದೊಡ್ಡ ಮನಸ್ಸು ನೋಡಿ. ಕಂಡಿತ್ತು ಎಂದಿದ್ದರೆ ಏನಾಗುತ್ತಿತ್ತು? ಉಗಾಯಿ ಕುರುಡನಲ್ಲ, ಸೋತವನ ಮೇಲೂ ನಂಬಿಕೆ ಇಟ್ಟವನು ಎಂದು ತಿಳಿಯುತ್ತಿತ್ತು. ಸೇಗೆನ್ ಪದವಿ ಸೋತು ಕೂತವನ ಮಡಿಲಿಗೆ ಬಿದ್ದದ್ದು ಎಂದೂ ತಿಳಿಯುತ್ತಿತ್ತು. ನನಗೆ ಅದು ಬೇಡವಾಗಿತ್ತು. ಅಷ್ಟೇ.

ನನ್ನ ಹೆಂಡತಿ ಫುಸಾಕೊ, ಈಗಿಲ್ಲ, ಮರುದಿನದ ಪತ್ರಿಕೆ ಓದಿದಳು. "ನಿಮಗೂ ಕಾಣಿಸಲಿಲ್ಲವಂತೆ?" ಎಂದಳು. ಹೂಂ ಎಂದೆ. "ಕಪಾಟಿನಲ್ಲಿರೋ ಕಾಲುಚೀಲ ಕಾಣದವರಿಗೆ ಇದು ಹೇಗೆ ಕಾಣುತ್ತೆ ಬಿಡಿ" ಎಂದಳು. ಆಮೇಲೆ ಪತ್ರಿಕೆಯಲ್ಲಿದ್ದ ಚಿತ್ರದ ಮೇಲೆ ಬೆರಳಿಟ್ಟು, "ಬಟ್ಟಲು ಖಾಲಿ ಇದೆಯಲ್ರೀ" ಎಂದಳು. ನಾನು ಸ್ನಾನಕ್ಕೆ ಹೋದೆ. ಅವಳು ಮತ್ತೆ ಆ ಮಾತನ್ನು ಎತ್ತಲಿಲ್ಲ.

ಎತ್ತಿದವನು ಇನ್ನೊಬ್ಬ. ಹನ್ನೊಂದು ವರ್ಷದ ಹಿಂದೆ, ಫುಸಾಕೊಳ ಅಂತ್ಯಕ್ರಿಯೆಯ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ ಉಗಾಯಿ ನನ್ನ ಪಕ್ಕ ಬಂದು ಕೂತ. ಮೂಲಂಗಿ ಅಗಿಯುತ್ತ, ತಟ್ಟೆಯನ್ನೇ ನೋಡುತ್ತ ಹೇಳಿದ:

"ಸೋಕಿಚಿ, ಅವತ್ತು ನೀನು ಟೀ ಕುಡಿದಿದ್ದೆ ಅಲ್ವಾ?"

"ಬಾಯಾರಿತ್ತು ಕಣೋ."

"ಹೌದಾ? ಇರಬಹುದು ಬಿಡು."

ಮತ್ತೆ ಅಗಿಯತೊಡಗಿದ. ಅವನಿಗೆ ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತೋ ನನಗೆ ಗೊತ್ತಿಲ್ಲ. ಗೊತ್ತಿದ್ದೂ ಎಷ್ಟೊಂದು ಸಭೆಗಳಲ್ಲಿ, ಎಷ್ಟೊಂದು ದಂತವೈದ್ಯರ ಮುಂದೆ ಕೂತು ನಕ್ಕಿದ್ದಾನೆ. ಒಂದೇ ಒಂದು ಸಲ ಬಾಯಿಬಿಟ್ಟು ನನ್ನ ಹೆಸರು ಹೇಳಬಾರದಿತ್ತೇ? ಬೈಯಬಾರದಿತ್ತೇ? ಬೈದಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು. ಇಂಥವನ ಜೊತೆ ಹೇಗಪ್ಪಾ ಏಗುವುದು? ಮಿತ್ಸುಯೆ ಅವರೇ, ನೀವು ಹೇಗೆ ಏಗಿದಿರಿ?

ಆದ್ದರಿಂದ, ಅಧ್ಯಕ್ಷರೇ, ಈ ಕರಪತ್ರದಲ್ಲಿ ಒಂದು ತಿದ್ದುಪಡಿ ಆಗಬೇಕು. ಗೆಲುವು ತಪ್ಪಿದ್ದು ಹೌದು. ಆದರೆ ಅದನ್ನು ಕಾಣದವನು ಒಬ್ಬನೇ. ಇನ್ನೊಬ್ಬನಿಗೆ ಕಂಡಿತ್ತು, ಅವನು ಸುಳ್ಳು ಹೇಳಿದ.

ಸಂಘಟಕರು ಈ ಮೇಜಿನ ಮೇಲೆ ನನಗೆ ಒಂದು ಬಟ್ಟಲು ಟೀ ಇಟ್ಟಿದ್ದಾರೆ. ಇಷ್ಟು ಹೊತ್ತು ಮುಟ್ಟಿರಲಿಲ್ಲ. ಒಂದು ನಿಮಿಷ ತಾಳಿ.

ಆರಿಹೋಗಿದೆ. ಪರವಾಗಿಲ್ಲ, ಗಂಟಲು ಸರಿಯಾಯಿತು.

ಹೇಸಾಕು, ತಲೆ ಎತ್ತು. ಮಣೆ ನೋಡಬೇಡ, ಈ ಸಲ ಈ ಕಡೆ ನೋಡು.

ಸೋತೆ.

ಚಪ್ಪಾಳೆ ಬೇಡ, ಇನ್ನೂ ಆಟ ಮುಗಿದಿಲ್ಲ. ಎದುರಿನವನು ತಲೆ ಬಾಗಬೇಕು. ನಿಧಾನಕ್ಕೆ ಬಾಗಲಿ, ಅವನಿಗೆ ಇನ್ನೂ ಹದಿನಾಲ್ಕು ನಿಮಿಷ ಉಳಿದಿದೆ.

ಬಾಗಿದ. ಕಾಗದದ ಹೂವು ಜಜ್ಜಿಹೋಯಿತು.

ಐದು ನಿಮಿಷ ಕೊಟ್ಟು ಮೂವತ್ತೆರಡು ವರ್ಷವನ್ನು ಕೇಳಿಸಿಕೊಂಡ ಅಧ್ಯಕ್ಷರಿಗೂ, ಗಡಿಯಾರ ತೋರಿಸುವುದನ್ನು ನಿಲ್ಲಿಸಿದ ಕಾರ್ಯದರ್ಶಿಗಳಿಗೂ, ಶೋಗಿ ಬಾರದಿದ್ದರೂ ಎದ್ದು ಹೋಗದ ಉಪಮೇಯರ್ ಸಾಹೇಬರಿಗೂ, ಟೀ ಇಟ್ಟ ಪುಣ್ಯಾತ್ಮರಿಗೂ ನಾನು ಋಣಿ. ಊಟಕ್ಕೆ ಉಪ್ಪಿನ ಮೂಲಂಗಿ ಇದೆಯಂತೆ. ಸನ್ಮಾನಿತರು ಅಗಿದು ಮುಗಿಸುವ ತನಕ ದಯವಿಟ್ಟು ಯಾರೂ ಅವಸರ ಮಾಡಬೇಡಿ. ನಾನಂತೂ ಇವತ್ತು ಮಾಡುವುದಿಲ್ಲ.

ನಮಸ್ಕಾರ.