ಪೊದೆಗಳ ಬಗ್ಗೆ ಒಂದು ತಿದ್ದುಪಡಿ

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ನಗರಸಭೆಯ ಮಾನ್ಯ ಅಧ್ಯಕ್ಷರೇ, ಅರ್ಧ ಗಂಟೆ ನನ್ನನ್ನು ಹೊಗಳಿ ಈಗಷ್ಟೇ ನೀರು ಕುಡಿಯುತ್ತಿರುವ ಸಸ್ಯಶಾಸ್ತ್ರದ ಪ್ರಾಧ್ಯಾಪಕರೇ, ನನ್ನ ಪುಸ್ತಕಗಳ ಧೂಳು ಕೊಡವಿ ಈ ಪ್ರದರ್ಶನ ಏರ್ಪಡಿಸಿರುವ ಗ್ರಂಥಪಾಲಕರೇ, ಸಭೆಯ ನಡಾವಳಿ ಬರೆದುಕೊಳ್ಳುತ್ತಿರುವ ಕಾರ್ಯದರ್ಶಿಗಳೇ, ಎರಡನೇ ಸಾಲಿನಲ್ಲಿ ಕೂತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಮನೆಯವರೇ, ಹಾಗೂ ಸಭಿಕ ಬಂಧುಗಳೇ,

ಪ್ರಾಧ್ಯಾಪಕರು ನನ್ನನ್ನು ‘ಈ ಊರಿನ ಕಣ್ಣು’ ಎಂದರು. ಆಗ ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ದೊಡ್ಡವರು ಬಂದರೇನೋ ಎಂದು. ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಮೂವತ್ತೆರಡು ವರ್ಷ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸಿದವನು ನಾನು. ಊರಿನ ಜನ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ನೀರು ಯಾವಾಗ ಬಿಡ್ತೀರಿ?’ ನಾನು ಹೇಳುತ್ತಿದ್ದುದೂ ಒಂದೇ ಉತ್ತರ: ‘ಇನ್ನೇನು ಬಂತು.’ ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ಅಂಥವನ ಕೈಗೆ ಮೈಕು ಕೊಟ್ಟಿದ್ದೀರಿ, ನಿಮ್ಮ ಧೈರ್ಯ ದೊಡ್ಡದು.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಈ ಹತ್ತು ನಿಮಿಷದಲ್ಲಿ ನಾನು ಒಂದು ತಪ್ಪನ್ನು ತಿದ್ದಬೇಕು. ತಿದ್ದದಿದ್ದರೆ ಬರುವ ಸೋಮವಾರ ಒಬ್ಬ ಹೆಣ್ಣುಮಗಳು ಇಪ್ಪತ್ತೆರಡು ವರ್ಷ ಕೂತು ದುಡಿದ ಜಾಗ ಬಿಟ್ಟು ಏಳಬೇಕಾಗುತ್ತದೆ. ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ನೇರವಾಗಿ ಹೇಳುವ ಗುಣ ನನ್ನಲ್ಲಿದ್ದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಸುತ್ತಿ ಬರುತ್ತೇನೆ, ಕ್ಷಮಿಸಬೇಕು.

ಚಿತ್ರ ಬರೆಯುವ ಹುಚ್ಚು ನನಗೆ ಹೇಗೆ ಹತ್ತಿತು? ಕಲೆಯ ಮೇಲಿನ ಪ್ರೀತಿಯಿಂದ ಎಂದು ಪ್ರಾಧ್ಯಾಪಕರು ಹೇಳಿದರು. ಕೇಳಲು ಹಿತವಾಗಿತ್ತು. ಆದರೆ ಹತ್ತಿದ್ದು ಒಂದು ಸುತ್ತೋಲೆಯಿಂದ. ಕೆರೆಯ ಪಕ್ಕದ ದೊಡ್ಡ ವಾಲ್ವ್ ತಿರುಗಿಸಿದ ಮೇಲೆ ಮೇಲಿನ ಬೀದಿಗಳಿಗೆ ನೀರು ಹತ್ತಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ಅಲ್ಲೇ ಕಾಯಬೇಕು. ಹತ್ತು ನಿಮಿಷಕ್ಕೊಮ್ಮೆ ಒತ್ತಡದ ಮುಳ್ಳು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ರಿಜಿಸ್ಟರಿನಲ್ಲಿ ಮೂರು ಕಾಲಂ: ಸಮಯ, ಒತ್ತಡ, ಷರಾ. ‘ಯಾವ ಕಾಲಮನ್ನೂ ಖಾಲಿ ಬಿಡತಕ್ಕದ್ದಲ್ಲ’ ಎಂದು ಮೇಲಿನಿಂದ ಸುತ್ತೋಲೆ ಬಂತು. ಷರಾದಲ್ಲಿ ಏನು ಬರೆಯುವುದು? ನೀರು ಹೋಗುತ್ತಿದೆ, ನಾನು ಕೂತಿದ್ದೇನೆ. ಎದುರಿಗೆ ಕಂಬದ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಅದರ ಚಿತ್ರವನ್ನೇ ಬರೆದೆ.

ತಿಂಗಳ ಕೊನೆಗೆ ಇಂಜಿನಿಯರು ಕರೆಸಿದರು. ‘ಏನ್ರೀ ಇದು, ಷರಾ ಕಾಲಂನಲ್ಲಿ ಕೋಳಿ?’

‘ಕೋಳಿ ಅಲ್ಲ ಸಾರ್, ಮಿಂಚುಳ್ಳಿ.’

‘ಒತ್ತಡಕ್ಕೂ ಇದಕ್ಕೂ ಏನು ಸಂಬಂಧ?’

‘ಖಾಲಿ ಬಿಡಬಾರದು ಅಂದಿದ್ರಲ್ಲ ಸಾರ್.’

ಅವರು ರಿಜಿಸ್ಟರು ಮುಚ್ಚಿ ನನ್ನ ಕಡೆ ತಳ್ಳಿದರು. ಆಮೇಲೆ, ‘ನಿಮ್ಮ ಕೋಳಿಗೆ ಬೇರೆ ಪುಸ್ತಕ ಇಟ್ಕೊಳ್ಳಿ ಮಾರಾಯ್ರೇ’ ಎಂದರು. ನನ್ನ ಕಲಾಶಿಕ್ಷಣ ಅಲ್ಲಿಗೆ ಆರಂಭವಾಗಿ ಅಲ್ಲಿಗೇ ಮುಗಿಯಿತು.

ಹೀಗೆ ಮೂವತ್ತನಾಲ್ಕು ಪುಸ್ತಕಗಳಾದವು. ನಿವೃತ್ತನಾಗಿ ಮೂರು ವರ್ಷವಾದರೂ ದಿನಾ ಬೆಳಿಗ್ಗೆ ಹೋಗಿ ಅದೇ ಕಟ್ಟೆಯ ಮೇಲೆ ಕೂತು ಬರೆಯುತ್ತೇನೆ. ಕೆರೆ, ದಂಡೆ, ಹಕ್ಕಿ, ಬರುವವರು, ಹೋಗುವವರು. ಪ್ರತಿ ಚಿತ್ರದ ಕೆಳಗೆ ತಾರೀಕು, ಸಮಯ. ಅದು ಮಾತ್ರ ಪಕ್ಕಾ, ನೌಕರಿ ಕಲಿಸಿದ್ದು. ಆದರೆ ಚಿತ್ರ? ಸಭಿಕರೇ, ಈ ವಯಸ್ಸಿನಲ್ಲಿ ಸುಳ್ಳೇಕೆ? ನನಗೆ ನೀರು ಬರೆಯಲು ಬರುತ್ತದೆ, ಅದು ಮೂರು ಅಂಕುಡೊಂಕು ಗೀಟು. ದೂರದ ಹಕ್ಕಿ ಬರುತ್ತದೆ. ಗೋಡೆ ಬರುತ್ತದೆ. ಲೋಟ ಬೋರಲು ಇಟ್ಟು ಸುತ್ತ ಗೀಚಿದರೆ ಚಕ್ರ ಬರುತ್ತದೆ. ಮನುಷ್ಯರ ಮುಖ ಬರುವುದಿಲ್ಲ. ಕೈ ಬರೆದರೆ ಬೆರಳು ಆರೋ ಏಳೋ ಆಗುತ್ತವೆ. ದನದ ಕಾಲು, ಬಿಚ್ಚಿದ ಕೊಡೆ, ಸೈಕಲ್ಲಿನ ಹ್ಯಾಂಡಲ್ಲು, ಇವೆಲ್ಲ ನನ್ನ ಕೈಗೆ ದಕ್ಕಿದ್ದೇ ಇಲ್ಲ.

ದಕ್ಕದ್ದನ್ನು ಏನು ಮಾಡಿದೆ? ಅಲ್ಲಿ ಒಂದು ಪೊದೆ ಹಾಕಿದೆ.

ಹೌದು ಪ್ರಾಧ್ಯಾಪಕರೇ, ಪೊದೆ. ಕೊಡೆ ಬರಲಿಲ್ಲವೇ, ಪೊದೆ. ಹಸುವಿನ ಕಾಲು ಕೆಟ್ಟಿತೇ, ಮೊಣಕಾಲುದ್ದ ಪೊದೆ. ಈ ಕೆರೆಯ ದಂಡೆಯಲ್ಲಿ ಒಂದು ಕಾಲದಲ್ಲಿ ಇದ್ದ ಸಮೃದ್ಧ ಪೊದೆಗಳ ಬಗ್ಗೆ ತಾವು ಇಪ್ಪತ್ತು ಪುಟದ ಲೇಖನ ಬರೆದಿದ್ದೀರಿ. ‘ಎಲೆಗಳು ಮೂರು ಮೂರಾಗಿ ಜೋಡಣೆಯಾಗಿರುವುದನ್ನು ಗಮನಿಸಿ’ ಎಂದು ಅಡಿಗೆರೆ ಹಾಕಿದ್ದೀರಿ. ಮೂರು ಗೀಟು ಎಳೆದರೆ ಒಂದು ಎಲೆಯಂತೆ ಕಾಣುತ್ತದೆ ಎಂಬುದಷ್ಟೇ ಅದರ ಶಾಸ್ತ್ರ. ತಾವು ಕೋಪಿಸಿಕೊಳ್ಳಬಾರದು. ತಮ್ಮ ತಪ್ಪು ಏನೂ ಇಲ್ಲ.

ಈ ಗುಟ್ಟು ಗೊತ್ತಿದ್ದುದು ನನ್ನ ಹೆಂಡತಿಗೆ ಮಾತ್ರ. ಒಂದು ದಿನ ಪುಟ ತಿರುಗಿಸುತ್ತಾ ಕೇಳಿದಳು, ‘ಇದು ನಮ್ಮನೆ ಅಲ್ವೇನ್ರೀ? ಬಾಗಿಲಲ್ಲಿ ಇದೇನು ಪೊದೆ?’

ನಾನು, ‘ಅದು ನೀನು’ ಎಂದೆ.

ಎರಡು ದಿನ ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ. ಮೂರನೆಯ ದಿನ, ‘ಒಂದು ಹೂವಾದ್ರೂ ಇಡಬಾರದಿತ್ತಾ ಅದಕ್ಕೆ’ ಎಂದಳು. ಈಗಲೂ ನಗುತ್ತಿದ್ದಾಳೆ ನೋಡಿ. ಮದುವೆಯಾಗಿ ಇಷ್ಟು ವರ್ಷಕ್ಕೆ ಆಕೆಯ ಮುಖವನ್ನು ನಾನು ಒಂದು ಸಲವೂ ಬರೆದಿಲ್ಲ. ಕೆಡಿಸಿಬಿಡುತ್ತೇನೆಂಬ ಹೆದರಿಕೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು.

ವಿಷಯಕ್ಕೆ ಬರುತ್ತೇನೆ. ಕೆರೆಯ ಉತ್ತರ ದಂಡೆಯಲ್ಲಿ ಕಲ್ಲುಗೋಡೆಗೆ ಆನಿಸಿ ಒಂದು ತಗಡಿನ ಮಾಡು. ಅದರಡಿ ಕಾಲಿನಿಂದ ತುಳಿಯುವ ಒಂದು ಹೊಲಿಗೆ ಯಂತ್ರ. ಅದರ ಹಿಂದೆ ಊರೆಲ್ಲ ಹೊಲಿಗೆಯಕ್ಕ ಎಂದು ಕರೆಯುವ ಹೆಣ್ಣುಮಗಳು. ನನ್ನ ಕಟ್ಟೆಗೆ ಸರಿಯಾಗಿ ಎದುರು. ನಾನು ಬರೆಯುವುದು ಕಂಡರೆ ಆಕೆ ಯಂತ್ರ ನಿಲ್ಲಿಸಿ, ಕೂದಲು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ‘ಅಲ್ಲಾಡಬೇಡ ಅಂದ್ರೆ ಅಲ್ಲಾಡಲ್ಲ ಅಣ್ಣಾ, ನಿಧಾನಕ್ಕೆ ಬರೀರಿ’ ಎನ್ನುತ್ತಿದ್ದಳು. ಕೈಯಲ್ಲಿ ತುರ್ತಿನ ಕೆಲಸವಿದ್ದಾಗಲೂ ಐದು ನಿಮಿಷ ಹಾಗೆ ಕೂತಿದ್ದಾಳೆ.

ನಾನು ಏನು ಬರೆಯುತ್ತಿದ್ದೆ? ಹೊಲಿಗೆ ಯಂತ್ರ ಬರೆದು ನೋಡಿದ್ದೀರಾ ಯಾರಾದರೂ? ಮೇಲೆ ಒಂದು ಚಕ್ರ, ಕೆಳಗೆ ಒಂದು ಚಕ್ರ, ನಡುವೆ ಪಟ್ಟಿ, ಅಡಿಯಲ್ಲಿ ಜಾಲರಿಯಂಥ ತುಳಿಗೆ, ನಡುವೆ ಸೊಂಟ ತಿರುಚಿದ ಕಬ್ಬಿಣ. ಮೊದಲ ಸಲ ಬರೆದಾಗ ಕಾಲು ಮುರಿದ ನಾಯಿಯಂತೆ ಬಂತು. ಎರಡನೇ ಸಲ ಅದೇ ನಾಯಿ, ಕುಳಿತಿತ್ತು. ಮೂರನೇ ದಿನದಿಂದ ಆ ಜಾಗದಲ್ಲಿ ಪೊದೆ. ಹನ್ನೆರಡನೇ ಪುಸ್ತಕದಿಂದ ಮೂವತ್ತನಾಲ್ಕನೆಯದರವರೆಗೆ, ಇಪ್ಪತ್ತೆರಡು ವರ್ಷ, ಆಕೆ ಬೆನ್ನು ನೆಟ್ಟಗೆ ಮಾಡಿ ಕೂತಳು, ನಾನು ಪೊದೆ ಬರೆದೆ. ‘ಎಲ್ಲಿ ಅಣ್ಣಾ, ತೋರಿಸಿ’ ಎಂದಾಗಲೆಲ್ಲ ಪುಸ್ತಕ ಮುಚ್ಚಿ, ‘ಇನ್ನೂ ಮುಗಿದಿಲ್ಲಮ್ಮ’ ಎಂದೆ.

ಈಗ ಕೆರೆಯನ್ನು ಅಂದಗೊಳಿಸುವ ಯೋಜನೆ ಬಂದಿದೆ. ಒಳ್ಳೆಯ ಯೋಜನೆ, ನನ್ನ ತಕರಾರಿಲ್ಲ. ಹದಿನೈದು ವರ್ಷಕ್ಕಿಂತ ಹಿಂದಿನಿಂದ ದಂಡೆಯಲ್ಲಿ ಕೂತವರಿಗೆ ಜಾಗ ಖಾಯಂ, ಉಳಿದವರು ಏಳಬೇಕು ಎಂಬ ನಿಯಮವೂ ನ್ಯಾಯವಾದದ್ದೇ. ಕೂತಿದ್ದಕ್ಕೆ ಪುರಾವೆ? ದಂಡೆಯಲ್ಲಿ ಕೂರುವವರಿಗೆ ಯಾರು ಚೀಟಿ ಕೊಟ್ಟಿದ್ದರು? ಆಗ ಯಾರಿಗೋ ನನ್ನ ಪುಸ್ತಕಗಳ ನೆನಪಾಯಿತು. ದಿನಾ ಬರೆದದ್ದು, ತಾರೀಕು ಸಮೇತ. ಪುಸ್ತಕದಲ್ಲಿ ಇದ್ದವರು ಇದ್ದರು, ಇಲ್ಲದವರು ಇರಲಿಲ್ಲ ಎಂದು ತೀರ್ಮಾನವಾಯಿತು. ಕತ್ತರಿಗೆ ಸಾಣೆ ಹಿಡಿಯುವವರಿಗೆ ಜಾಗ ಸಿಕ್ಕಿತು. ಯಾಕೆಂದರೆ ಅವರದು ಬರೀ ಒಂದು ಚಕ್ರ, ನನ್ನ ಹತ್ತಿರ ಲೋಟವಿತ್ತು. ಹೊಲಿಗೆಯಕ್ಕನ ಜಾಗದಲ್ಲಿ ಪೊದೆ ಇತ್ತೆಂದು ವರದಿಯಾಯಿತು. ಆ ಪೊದೆಯನ್ನು ಮತ್ತೆ ಬೆಳೆಸುವ ಸಲುವಾಗಿ ಸೋಮವಾರ ಅಲ್ಲಿ ಗುಂಡಿ ತೋಡುತ್ತಾರೆ. ನೆಡುವ ಮೊದಲ ಸಸಿ ಇಗೋ ಈ ಮೇಜಿನ ಮೇಲಿದೆ. ಅದನ್ನು ನನ್ನ ಕೈಯಿಂದಲೇ ನೆಡಿಸುತ್ತಾರಂತೆ.

ಹನ್ನೆರಡು ದಿನದ ಹಿಂದೆ ಆಕೆ ನೋಟೀಸು ಹಿಡಿದು ನಮ್ಮ ಮನೆಗೆ ಬಂದಳು. ಮುಖದಲ್ಲಿ ಚಿಂತೆಯೇ ಇಲ್ಲ. ‘ಅಣ್ಣಾ, ನಿಮ್ಮ ಪುಸ್ತಕದಲ್ಲಿ ಇರೋರಿಗೆ ಜಾಗ ಕೊಡ್ತಾರಂತೆ. ನನ್ನ ಪುಟ ಯಾವುದು ಅಂತ ಅವರಿಗೆ ಸಿಕ್ಕಿಲ್ವಂತೆ. ನೀವು ಒಂದು ಸಲ ತೋರಿಸಿಬಿಡಿ. ನಾನು ಎಷ್ಟು ಸಲ ಕೂತಿದ್ದೀನಿ ನಿಮಗೆ.’

ನಾನು ಏನು ಹೇಳಬೇಕಿತ್ತು? ‘ತೋರಿಸ್ತೀನಮ್ಮ, ಪುಸ್ತಕದಲ್ಲಿ ಇರದೆ ನೀನು ಎಲ್ಲಿಗೆ ಹೋಗ್ತೀಯ’ ಎಂದೆ. ವಾಲ್ವ್ ತಿರುಗಿಸುವವನ ಬಾಯಿ.

ಆಕೆ ಹೋದ ಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಹದಿನಾಲ್ಕನೇ ಪುಸ್ತಕ ತೆಗೆದು, ಒಂದು ಪೊದೆಯನ್ನು ರಬ್ಬರಿನಿಂದ ಉಜ್ಜಿ, ಅಲ್ಲಿ ಹೊಲಿಗೆ ಯಂತ್ರ ಬರೆಯಲು ಕೂತೆ. ಕಳ್ಳತನವೇ, ಬೇರೆ ಹೆಸರಿಲ್ಲ. ಮಧ್ಯಾಹ್ನವೆಲ್ಲ ಉಜ್ಜಿದೆ, ಬರೆದೆ, ಉಜ್ಜಿದೆ. ಸಂಜೆಯ ಹೊತ್ತಿಗೆ ಮತ್ತೆ ಅದೇ ಮುರಿದ ಕಾಲಿನ ನಾಯಿ. ಕೊನೆಗೆ ಕಾಗದ ಹರಿದು ತೂತಾಯಿತು. ಆ ಪುಟ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿದೆ, ‘ಕಾಲದ ಹೊಡೆತಕ್ಕೆ ಸಿಕ್ಕ ಪುಟ’ ಎಂದು ಕೆಳಗೆ ಬರೆದಿದ್ದಾರೆ.

ಹೆಂಡತಿ ನೋಡಿ, ‘ಬರೆಯೋಕೆ ಬರಲ್ಲ ಅಂತ ಹೋಗಿ ಹೇಳಿಬಿಡಿ, ಅಷ್ಟೇ ತಾನೆ?’ ಎಂದಳು. ಅಷ್ಟೇ. ಆದರೆ ಆ ಅಷ್ಟಕ್ಕೆ ಹನ್ನೆರಡು ದಿನ ಹಿಡಿಯಿತು. ಯಾಕೆ? ಆಹ್ವಾನ ಪತ್ರಿಕೆ ಅಚ್ಚಾಗಿತ್ತು. ಅದರಲ್ಲಿ ನನ್ನ ಹೆಸರಿನ ಹಿಂದೆ ‘ಹಿರಿಯ ಕಲಾವಿದರು’ ಎಂದಿತ್ತು. ಹುಟ್ಟಿದಾಗಿನಿಂದ ಯಾರೂ ನನಗೆ ಅಂಥ ಮಾತು ಅಂದಿರಲಿಲ್ಲ. ಇನ್ನೆರಡು ದಿನ ಇರಲಿ, ಇನ್ನೊಂದು ದಿನ ಇರಲಿ ಎಂದು ಮುಂದೂಡುತ್ತಾ ಬಂದೆ. ಒಬ್ಬಳ ಹೊಟ್ಟೆಪಾಡು ಒಂದು ಕಡೆ, ನನ್ನ ಎರಡು ಪದದ ಬಿರುದು ಒಂದು ಕಡೆ, ನಾನು ಬಿರುದನ್ನು ಸವರುತ್ತಾ ಕೂತಿದ್ದೆ. ನಾಚಿಕೆಯಾಗುತ್ತದೆ.

ಕಾರ್ಯದರ್ಶಿಗಳೇ, ಇನ್ನು ಮುಂದಿನದನ್ನು ನಡಾವಳಿಯಲ್ಲಿ ದಯವಿಟ್ಟು ಬರೆದುಕೊಳ್ಳಿ. ಉತ್ತರ ದಂಡೆಯ ಕಲ್ಲುಗೋಡೆಯ ಪಕ್ಕ ಪೊದೆ ಇರಲಿಲ್ಲ, ಯಾವ ಕಾಲಕ್ಕೂ ಇರಲಿಲ್ಲ. ಅಲ್ಲಿದ್ದದ್ದು ಹೊಲಿಗೆಯಕ್ಕ. ಬರೆಯಲು ಬಾರದ ನಾನು ಪೊದೆ ಹಾಕಿದೆ.

ಈಗ ಹೀಗೆ ಹೇಳಿದರೆ ಯಾರು ನಂಬುತ್ತಾರೆ ಎಂದು ಅಧ್ಯಕ್ಷರು ಕೇಳಬಹುದು, ಕೇಳಬೇಕು ಕೂಡ. ಪುಸ್ತಕ ನೋಡಿ. ಆ ಪೊದೆ ಪ್ರತಿ ಭಾನುವಾರ ಕಾಣೆಯಾಗುತ್ತದೆ, ಸೋಮವಾರ ಬೆಳಿಗ್ಗೆ ಮತ್ತೆ ಬೆಳೆದಿರುತ್ತದೆ. ನಾನು ಭಾನುವಾರ ಮೈಗಳ್ಳತನ ಮಾಡಿ ಅರ್ಧ ಚಿತ್ರ ಬರೆದೆನೆಂದು ಪ್ರಾಧ್ಯಾಪಕರು ತಮ್ಮ ಲೇಖನದಲ್ಲಿ ಊಹಿಸಿದ್ದಾರೆ. ಹಾಗಲ್ಲ ಸ್ವಾಮಿ, ವಾರಕ್ಕೊಂದು ರಜೆ ತೆಗೆದುಕೊಳ್ಳುವ ಪೊದೆ ಅದು. ಹದಿನೇಳನೇ ಪುಸ್ತಕದಲ್ಲಿ ಮೂರು ತಿಂಗಳು ಆ ಪೊದೆ ಇಲ್ಲವೇ ಇಲ್ಲ. ಆಗ ಆಕೆಗೆ ಎರಡನೇ ಮಗು ಹುಟ್ಟಿತ್ತು. ಆಸ್ಪತ್ರೆಯ ಕಾಗದ ಆಕೆಯ ಹತ್ತಿರ ಇದ್ದೇ ಇರುತ್ತದೆ, ತಾರೀಕು ಹೊಂದಿಸಿ ನೋಡಿ. ನನ್ನ ಕೈ ಸುಳ್ಳು ಬರೆಯಿತು, ಆದರೆ ಆಕೆ ಬಾರದ ದಿನ ಅಲ್ಲಿ ಪೊದೆ ಹಾಕಲು ಮನಸ್ಸು ಒಪ್ಪಲಿಲ್ಲ.

ಇನ್ನೊಂದು ಪುರಾವೆಯೂ ಇದೆ. ಅಮ್ಮಾ, ಹೊಲಿಗೆಯಕ್ಕ, ಕೊನೆಯ ಸಾಲಿನಲ್ಲಿ ಕೂತಿದ್ದೀಯಲ್ಲ, ಸ್ವಲ್ಪ ಎದ್ದು ನಿಲ್ಲು. ನೀನು ಬಂದಿದ್ದು ನಿನ್ನ ಪುಟ ನೋಡೋದಕ್ಕೆ ಅಂತ ನನಗೆ ಗೊತ್ತು. ನಿನ್ನ ಪುಟ ಇಲ್ಲಮ್ಮ. ನಿನಗೆ ಸುಳ್ಳು ಹೇಳಿದೆ, ಇಪ್ಪತ್ತೆರಡು ವರ್ಷ ಹೇಳಿದೆ. ತಪ್ಪಾಯ್ತು.

ಸಭಿಕರೇ, ಎಲ್ಲರೂ ಒಮ್ಮೆ ಹಿಂದೆ ತಿರುಗಿ ನೋಡಿ. ನನಗೆ ಆ ಮುಖ ಬರೆಯಲು ಬರುವುದಿಲ್ಲ, ಆದರೆ ನಿಮಗೆಲ್ಲ ಕಣ್ಣಿದೆ. ಹದಿನೈದು ವರ್ಷಕ್ಕಿಂತ ಹಿಂದೆ ಆ ತಗಡಿನ ಮಾಡಿನ ಕೆಳಗೆ ನಿಂತು ಪ್ಯಾಂಟಿನ ತುದಿ ಮಡಚಿಸಿಕೊಂಡವರು, ಶಾಲೆಯ ಚೀಲದ ಪಟ್ಟಿ ಹೊಲಿಸಿಕೊಂಡವರು, ಅಂಗಿಯ ಗುಂಡಿ ಹಾಕಿಸಿಕೊಂಡವರು ಯಾರಿದ್ದೀರಿ? ಇದ್ದವರು ಕೈ ಎತ್ತಬೇಕು ಎಂದು ಕೇಳಿಕೊಳ್ಳುತ್ತೇನೆ.

ಸಂಕೋಚ ಬೇಡ. ಹಾಂ, ಹಾಗೆ. ಕಿಟಕಿಯ ಹತ್ತಿರ ಕೂತಿರುವವರೂ, ಎತ್ತಿ. ಗ್ರಂಥಪಾಲಕರೇ, ತಾವೂ? ಸಂತೋಷ. ಇಂಜಿನಿಯರೇ, ತಾವು ಬಂದಿರುವುದನ್ನು ನಾನು ನೋಡಿಯೇ ಇರಲಿಲ್ಲ, ನಮಸ್ಕಾರ ಸಾರ್. ಕಾರ್ಯದರ್ಶಿಗಳೇ, ಎದ್ದು ನಿಂತು ಎಣಿಸಿ, ಬರೆದುಕೊಳ್ಳಿ. ಅಧ್ಯಕ್ಷರೇ, ತೀರ್ಮಾನ ತಮ್ಮದು, ನನ್ನದಲ್ಲ. ತಾವು ಆಗಲೇ ಕೊಟ್ಟ ಈ ಸ್ಮರಣಿಕೆಯನ್ನು ವಾಪಸು ತೆಗೆದುಕೊಂಡರೂ ನನಗೆ ಬೇಸರವಿಲ್ಲ. ಸೋಮವಾರದ ಗುಂಡಿಯನ್ನು ಮಾತ್ರ ಬೇರೆ ಎಲ್ಲಾದರೂ ತೋಡಿಸಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ಮಾತು ಮುಗಿಸಿ ಕೈ ಮುಗಿಯುವುದು ಪದ್ಧತಿ, ನೀವೂ ತಿರುಗಿ ಕೈ ಮುಗಿಯುತ್ತೀರಿ. ಇವತ್ತು ನೀವು ಮುಗಿಯಬೇಡಿ. ಕಾರ್ಯದರ್ಶಿಗಳು ಇನ್ನೂ ಎಣಿಸುತ್ತಿದ್ದಾರೆ, ಎತ್ತಿದ ಕೈ ಹಾಗೇ ಇರಲಿ. ನಾನೊಬ್ಬನೇ ಮುಗಿಯುತ್ತೇನೆ.

ನಮಸ್ಕಾರ.