ತೊಂಬತ್ತೊಂಬತ್ತನೆಯ ದಿನ

ಅರವತ್ತು ಪ್ರೆಶರ್ ಕುಕ್ಕರುಗಳ ಭವಿಷ್ಯ ಅಂದು ಆಸ್ಪತ್ರೆಯ ಒಂದು ಬೆಂಚಿನ ಮೇಲೆ ತೂಗಾಡುತ್ತಿತ್ತು. ಕಿವಿ ಮಂದವಾಗಿದೆ ಎಂದು ತೋರಿಸಲು ಬಂದಿದ್ದ ನಿವೃತ್ತ ಶಾಲಾ ಮೇಡಂಗೆ ಪಕ್ಕದವರ ಪಿಸುಮಾತು ಮಾತ್ರ ಸ್ವಚ್ಛವಾಗಿ ಕೇಳಿಸುತ್ತಿತ್ತು. ಒಬ್ಬ ಬಿಸ್ಕತ್ತು ಕಾರ್ಖಾನೆಯ ಮೇಸ್ತ್ರಿ. ಇನ್ನೊಬ್ಬ, ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ ಅವನ ಕೆಲಸಗಾರ.

“ಕೈ ಮನೆ ಬಾಗಿಲಿಗೆ ಸಿಕ್ಕಿತು ಅಂತ ಹೇಳಪ್ಪಾ. ನೂರು ದಿನ ಅಪಘಾತ ಆಗದಿದ್ರೆ ತಲೆಗೊಂದು ಕುಕ್ಕರ್. ಇವತ್ತಿಗೆ ತೊಂಬತ್ತೊಂಬತ್ತು!”

“ಗಾಯಕ್ಕೆ ಗ್ರೀಸ್ ಎಲ್ಲಿಂದ ಬಂತು ಅಂತ ಕೇಳಿದ್ರೆ?”

“ಬಾಗಿಲು ಕಿರುಗುಟ್ತಿತ್ತು, ಹಚ್ಚಿದ್ದೆ ಅನ್ನು.”

“ನಮ್ಮನೆ ಬಾಗಿಲು ಅಂಗಿ ತೋಳೂ ತಿನ್ನುತ್ತಾ ಮೇಸ್ತ್ರಿ?”

“ಎರಡು ಬೆರಳಿಗೆ ಎಷ್ಟು ರಂಪ ಮಾಡ್ತೀಯೋ!”

“ಸರಿ, ಬಾಗಿಲು ಅಂತೀನಿ. ಹಿಟ್ಟು ಲಟ್ಟಿಸೋ ರೋಲರ್‌ಗೆ ನೀವು ಬಿಚ್ಚಿಸಿದ ರಕ್ಷಣೆ ಜಾಲರಿ ವಾಪಸ್ ಹಾಕಿಸ್ತೀರಾ?”

“ಕೈ ಸಿಕ್ಕಿದ್ದು ಬಾಗಿಲಿಗೆ, ಜಾಲರಿ ಯಾಕೆ ರೋಲರ್‌ಗೆ ಅಂತ ಸಾಹೇಬ್ರು ಕೇಳಲ್ವಾ?”

“ಹಾಗಾದ್ರೆ ನಾಳೆ ನನ್ನ ಬದಲು ಅಲ್ಲಿ ನಿಲ್ಲೋದು ಯಾರು?”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ನಮ್ಮ ಅಳಿಯಂದ್ರು.”

“ಒಳ್ಳೇದಾಯ್ತು. ನಿಮ್ಮ ಮಗಳು ಹೊಸ ಕುಕ್ಕರಲ್ಲಿ ಬೇಯಿಸಿ, ಗಂಡನಿಗೆ ತುತ್ತು ಮಾಡಿ ತಿನ್ನಿಸ್ಲಿ.”

ಮೇಡಂ ಚೀಲದಲ್ಲಿ ಏನನ್ನೋ ಹುಡುಕುವ ನೆಪದಲ್ಲಿ ಒಂದು ಗೇಣು ಹತ್ತಿರ ಸರಿದರು.

ನರ್ಸ್ ಫಾರಂ ಹಿಡಿದು ಬಂದು ಕೇಳಿದಳು: “ಕೈಗೆ ಏನಾಯ್ತು?”

ಕೆಲಸಗಾರ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಎದ್ದು ನಿಂತ. “ಮೆಷಿನ್ನಿಗೆ ಸಿಕ್ಕಿದ್ದು. ಜಾಲರಿ ಇರ್ಲಿಲ್ಲ ಅಂತಾನೂ ಬರ್ಕೊಳ್ಳಿ ತಾಯಿ, ದಪ್ಪ ಅಕ್ಷರದಲ್ಲಿ.”

“ಜಾಲರಿ ತೆಗೆಸಿದ್ದು ಯಾರು?”

“ಅದನ್ನ ಬರೆಯೋಕೂ ಜಾಗ ಇದೆಯಾ ಅದ್ರಲ್ಲಿ?”

“ಇದೆ.”

“ಹಾಗಾದ್ರೆ ನಾನೇ.”

ಇಬ್ಬರೂ ಒಳಗೆ ಹೋದರು. ಕುಕ್ಕರ್ ಯಾರಿಗೂ ಸಿಗಲಿಲ್ಲ.